ತಲೆಯೊಳಗಿನ ಗಂಟು, ಮನಸ್ಸಿನ ಮಾತ್ರೆ

ಮಿದುಳಿನ ರಕ್ತನಾಳದಲ್ಲಿ ದೋಷ ಇರುವವರಿಗೆ ಖಿನ್ನತೆ ಬಂದರೆ ಅದಕ್ಕೆ ಮಾತ್ರೆ ಕೊಡಬಹುದೇ? ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಬಹಳ ಕಾಲ ಸಿಕ್ಕ ಉತ್ತರ "ಸದ್ಯಕ್ಕೆ ಬೇಡ" ಎಂಬುದೇ ಆಗಿತ್ತು. ಅಪ್ಪ ಹೇಳಿದರು, ತಂಗಿಯ ಗಂಡ ಹೇಳಿದರು, ಮೆಡಿಕಲ್ ಶಾಪಿನವರೂ ಹೇಳಿದರು. ಯಾರೂ ಕೇಡು ಬಯಸಿ ಹೇಳಿದ್ದಲ್ಲ. ತಲೆಯೊಳಗೆ ರಕ್ತ ಸೋರಬಹುದಾದ ಜಾಗ ಇದೆ ಅಂತ ಗೊತ್ತಿದ್ದ ಮೇಲೆ, ಮಾತ್ರೆಯ ಡಬ್ಬಿಯೊಳಗಿನ ಸಣ್ಣ ಅಕ್ಷರದ ಕಾಗದದಲ್ಲಿ "ರಕ್ತಸ್ರಾವ" ಎಂಬ ಪದ ಕಂಡರೆ ಯಾರಿಗಾದರೂ ಕೈ ನಡುಗುತ್ತದೆ. ಆದರೆ ಆ "ಸದ್ಯಕ್ಕೆ" ಎಂಬುದು ತಿಂಗಳುಗಳಾಗಿ ಬೆಳೆಯಿತು, ತಂಗಿ ದಿನದಿಂದ ದಿನಕ್ಕೆ ಕುಗ್ಗುತ್ತಾ ಹೋದಳು. ಇಂಥದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಬೇರೆ ಮನೆಗಳವರು ಈಗ ನನ್ನನ್ನು ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಅವಳ ಜೊತೆ ಎರಡು ಬಗೆಯ ಡಾಕ್ಟರುಗಳ ಬಾಗಿಲಲ್ಲಿ ಕೂತು, ಕೇಳಿ, ಓದಿ ತಿಳಿದುಕೊಂಡವಳು.

ತಂಗಿಗೆ ಇರುವುದು ಕ್ಯಾವರ್ನೋಮಾ. ಸೂಕ್ಷ್ಮ ರಕ್ತನಾಳಗಳು ಒಂದು ಕಡೆ ಹಿಗ್ಗಿ, ತೆಳ್ಳನೆಯ ಗೋಡೆಯ ಪುಟ್ಟ ಪುಟ್ಟ ಗುಳ್ಳೆಗಳಾಗಿ ಒತ್ತಾಗಿ ಸೇರಿಕೊಂಡ ಗಂಟು. ವೈದ್ಯಪುಸ್ತಕಗಳಲ್ಲಿ ಇದನ್ನು ಹಿಪ್ಪುನೇರಳೆ ಹಣ್ಣಿಗೆ ಹೋಲಿಸುತ್ತಾರೆ. ರೇಷ್ಮೆ ಬೆಳೆಯುವ ಕಡೆಯವರಿಗೆ ಆ ಹೋಲಿಕೆ ಸಾಕು, ಚಿತ್ರವೇ ಬೇಡ. ಒಳಗೆ ರಕ್ತ ಬಹಳ ನಿಧಾನವಾಗಿ, ಹೆಚ್ಚುಕಮ್ಮಿ ನಿಂತ ಹಾಗೆ ಇರುತ್ತದೆ. ಸುಮಾರು 200 ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ, ಅವರಲ್ಲಿ ಬಹಳಷ್ಟು ಮಂದಿಗೆ ಸಾಯುವತನಕ ಗೊತ್ತೇ ಆಗುವುದಿಲ್ಲ. ಕೆಲವು ಕುಟುಂಬಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. ಮೂರು ಜೀನ್‌ಗಳಲ್ಲಿ ಯಾವುದಾದರೂ ಒಂದು ಕೆಟ್ಟಿದ್ದರೆ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಅಂಥವರ ಮಿದುಳಿನಲ್ಲಿ ಸಾಮಾನ್ಯವಾಗಿ ಒಂದರ ಬದಲು ಹಲವು ಗಂಟುಗಳಿರುತ್ತವೆ. ತಂಗಿಯದು ಒಂಟಿ ಗಂಟು, ಮಿದುಳಿನ ಎಡಗಡೆಯ ಟೆಂಪೊರಲ್ ಭಾಗದಲ್ಲಿ, ಅಂದರೆ ಕಿವಿಯ ಹತ್ತಿರದ ಪಕ್ಕದಲ್ಲಿ. ಫಿಟ್ಸ್ ಬಂದದ್ದರಿಂದ ಎಂಆರ್‌ಐ ಮಾಡಿಸಿದ್ದು, ಅದರಿಂದ ಗೊತ್ತಾದದ್ದು.

ಇದನ್ನು ಎವಿಎಂ ಜೊತೆ ಕಲಸಬಾರದು. ಎವಿಎಂನಲ್ಲಿ ಅಪಧಮನಿಗಳು ನಡುವಿನ ಸೂಕ್ಷ್ಮನಾಳಗಳನ್ನು ಬಿಟ್ಟು ನೇರವಾಗಿ ಅಭಿಧಮನಿಗೆ ಸೇರಿಕೊಂಡಿರುತ್ತವೆ, ರಕ್ತ ರಭಸವಾಗಿ ಹರಿಯುತ್ತದೆ, ಒಡೆದರೆ ದೊಡ್ಡ ಅನಾಹುತ. ರಿಪೋರ್ಟಿನಲ್ಲಿ "ಡಿವಿಎ" ಅಂತ ಬರೆದಿದ್ದರೆ ಅದು ಮೂರನೆಯದು, ಅಭಿಧಮನಿಗಳ ಜೋಡಣೆಯಲ್ಲಿನ ವ್ಯತ್ಯಾಸ, ಬಹುಪಾಲು ನಿರುಪದ್ರವಿ. ಮೂರಕ್ಕೂ "ತಲೇಲಿ ನರ ಗಂಟಾಗಿದೆ" ಅನ್ನುವ ಒಂದೇ ಮಾತು ನಮ್ಮಲ್ಲಿ ಓಡಾಡುತ್ತದೆ. ಮಾತ್ರೆಯ ವಿಷಯ ಮಾತಾಡುವ ಮೊದಲು ಯಾವ ಗಂಟು, ಎಲ್ಲಿದೆ, ಒಮ್ಮೆಯಾದರೂ ರಕ್ತ ಸೋರಿದೆಯೇ ಎಂಬ ಮೂರು ಸಂಗತಿ ತಿಳಿದಿರಲೇಬೇಕು. ಏಕೆಂದರೆ ಅಪಾಯದ ಪ್ರಮಾಣ ಅಷ್ಟೊಂದು ಬೇರೆ ಬೇರೆ. 1,620 ರೋಗಿಗಳ ಮಾಹಿತಿ ಕೂಡಿಸಿ 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ಅಧ್ಯಯನದ ಪ್ರಕಾರ, ರಕ್ತಸ್ರಾವವಾಗದೆ ಬೇರೆ ಕಾರಣಕ್ಕೆ ಪತ್ತೆಯಾದ, ಮಿದುಳುಕಾಂಡದಲ್ಲಿ (ಮಿದುಳು ಬೆನ್ನುಹುರಿಗೆ ಸೇರುವ ಕೆಳಭಾಗದಲ್ಲಿ) ಇಲ್ಲದ ಕ್ಯಾವರ್ನೋಮಾ ಐದು ವರ್ಷದಲ್ಲಿ ಸೋರುವ ಸಾಧ್ಯತೆ ನೂರಕ್ಕೆ 3.8. ಒಮ್ಮೆ ಸೋರಿ ತೊಂದರೆ ಕೊಟ್ಟ, ಮಿದುಳುಕಾಂಡದಲ್ಲೇ ಕೂತ ಗಂಟಾದರೆ ಅದೇ ಐದು ವರ್ಷದಲ್ಲಿ ನೂರಕ್ಕೆ 30.8. ಹೆಸರು ಒಂದೇ, ಆದರೆ ಎರಡೂ ಬೇರೆ ಬೇರೆ ಕಾಯಿಲೆಗಳೇ ಎನ್ನುವಷ್ಟು ಅಂತರ. ತಂಗಿಯದು ಮೊದಲನೆಯ ಗುಂಪು.

ಇನ್ನು ಖಿನ್ನತೆ. ಮೊದಲಿಗೆ ಎಲ್ಲರೂ ಅಂದುಕೊಂಡದ್ದು "ಇಂಥ ಸುದ್ದಿ ಕೇಳಿದರೆ ಬೇಜಾರಾಗದೆ ಇರುತ್ತದೆಯೇ" ಅಂತ. ನಿಜ, ಆಗುತ್ತದೆ. ಆದರೆ ಅವಳಲ್ಲಿ ಮೊದಲು ಕಂಡದ್ದು ಬೇಜಾರಲ್ಲ, ಸಿಡುಕು. ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಮಕ್ಕಳ ಮೇಲೆ ದನಿ ಎತ್ತದವಳು, ನೋಟ್‌ಬುಕ್ ತಿದ್ದುತ್ತಾ ಕೂತಿದ್ದಾಗ ಮಗ ಏನೋ ಕೇಳಿದನೆಂದು ಪೆನ್ನು ಬೀಸಿ ಎಸೆದಳು. ಆಮೇಲೆ ತಾನೇ ಅತ್ತಳು. "ಅಕ್ಕಾ, ಇದು ನಾನಲ್ಲ ಕಣೇ, ಒಳಗೆ ಯಾರೋ ಕೂತು ಮಾಡಿಸ್ತಿದ್ದಾರೆ" ಅಂದಳು. ಫಿಟ್ಸ್‌ಗೆ ಅವಳಿಗೆ ಕೊಟ್ಟಿದ್ದು ಲೆವೆಟಿರಾಸಿಟಮ್. ತುಂಬ ಒಳ್ಳೆಯ ಔಷಧಿ, ಬೇರೆ ಮಾತ್ರೆಗಳ ಜೊತೆ ಜಗಳವಾಡುವುದಿಲ್ಲ, ಅದಕ್ಕೇ ನಮ್ಮ ನ್ಯೂರೋ ಡಾಕ್ಟರುಗಳು ಮೊದಲು ಅದನ್ನೇ ಬರೆಯುತ್ತಾರೆ. ಆದರೆ ಕೆಲವರಲ್ಲಿ ಅದು ಸಿಟ್ಟು, ಚಡಪಡಿಕೆ, ಮಂಕುತನ ತರುತ್ತದೆ. ನ್ಯೂರೋ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಅದನ್ನು ನಿಧಾನವಾಗಿ ಇಳಿಸಿ ಲ್ಯಾಮೋಟ್ರಿಜಿನ್‌ಗೆ ಬದಲಾಯಿಸಿದರು. ಕೆಲವು ವಾರಗಳಲ್ಲಿ ಸಿಡುಕು ಹೋಯಿತು.

ಸಿಡುಕು ಹೋದ ಮೇಲೆ ಅದರಡಿಯಲ್ಲಿದ್ದದ್ದು ಮೇಲೆ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಊಟಕ್ಕೆ ಕೂತರೆ ಎರಡು ತುತ್ತು. ಮಲ್ಲಿಗೆ ಬಳ್ಳಿಗೆ ನೀರು ಹಾಕುವುದನ್ನೂ ಬಿಟ್ಟಳು. ಹುಷಾರಾಗಿರು ಅಂದರೆ "ಯಾವಾಗ ಒಡೆಯುತ್ತೋ ಅಂತ ಕಾಯೋದಕ್ಕಾ?" ಅನ್ನುತ್ತಿದ್ದಳು. ಇದು ಸುದ್ದಿ ಕೇಳಿದ ಬೇಜಾರಲ್ಲ, ಕಾಯಿಲೆ. ಗಂಟು ಟೆಂಪೊರಲ್ ಭಾಗದಲ್ಲೋ ಮಿದುಳಿನ ಮುಂಭಾಗದಲ್ಲೋ ಇದ್ದಾಗ, ಜೊತೆಗೆ ಫಿಟ್ಸ್ ಇದ್ದಾಗ, ಖಿನ್ನತೆ ಬರುವುದು ಸಾಮಾನ್ಯರಿಗಿಂತ ಹೆಚ್ಚು. ಆ ಭಾಗಗಳು ಭಾವನೆಯನ್ನು ನಡೆಸುವ ಭಾಗಗಳೇ ಆಗಿವೆ. "ಧೈರ್ಯ ತಂದುಕೋ" ಎಂದು ಹೇಳಿ ಸರಿಮಾಡುವ ಸ್ಥಿತಿ ದಾಟಿತ್ತು.

ಮನೋವೈದ್ಯರು ಬರೆದದ್ದು ಎಸಿಟಲೋಪ್ರಾಮ್, ಮೊದಲು 5 ಮಿಲಿಗ್ರಾಂ. ಮನೆಗೆ ಬಂದು ಆ ಸಣ್ಣ ಅಕ್ಷರದ ಕಾಗದ ಬಿಚ್ಚಿದ್ದೇ ತಡ, ಮಾತ್ರೆ ಕಪಾಟು ಸೇರಿತು.

ಆ ಕಾಗದ ಸುಳ್ಳು ಹೇಳುವುದಿಲ್ಲ. ಹಾಗಾಗಿ ಅದು ಹೇಳುವುದು ಏನೆಂದು ಅರ್ಥ ಮಾಡಿಕೊಳ್ಳಬೇಕು. ಎಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಆಕ್ಸೆಟೀನ್, ಪ್ಯಾರಾಕ್ಸೆಟೀನ್, ಇವೆಲ್ಲ ಎಸ್ಎಸ್ಆರ್‌ಐ ಎಂಬ ಗುಂಪಿನವು. ನರಕೋಶಗಳು ಹೊರಗೆ ಬಿಟ್ಟ ಸೆರೊಟೋನಿನ್ ಎಂಬ ರಾಸಾಯನಿಕವನ್ನು ವಾಪಸ್ ಎಳೆದುಕೊಳ್ಳುವ ದಾರಿಯನ್ನು ಇವು ಮುಚ್ಚುತ್ತವೆ. ಅದೇ ದಾರಿ ರಕ್ತದ ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಪ್ಲೇಟ್‌ಲೆಟ್‌ಗೆ ಸೆರೊಟೋನಿನ್ ತಯಾರಿಸಲು ಬರುವುದಿಲ್ಲ. ದೇಹದ ಸೆರೊಟೋನಿನ್‌ನ ಬಹುಪಾಲು ಹುಟ್ಟುವುದು ಕರುಳಿನಲ್ಲಿ, ಅಲ್ಲಿಂದ ರಕ್ತಕ್ಕೆ ಬಂದದ್ದನ್ನು ಪ್ಲೇಟ್‌ಲೆಟ್ ಹೀರಿ ಇಟ್ಟುಕೊಳ್ಳುತ್ತದೆ. ಎಲ್ಲಾದರೂ ಗಾಯವಾದಾಗ ಅದನ್ನು ಹೊರಗೆ ಬಿಡುತ್ತದೆ, ಆಗ ಉಳಿದ ಪ್ಲೇಟ್‌ಲೆಟ್‌ಗಳೂ ಬೇಗ ಅಂಟಿಕೊಂಡು ರಕ್ತ ನಿಲ್ಲುತ್ತದೆ. ಮಾತ್ರೆ ತೆಗೆದುಕೊಂಡವರ ಪ್ಲೇಟ್‌ಲೆಟ್‌ನಲ್ಲಿ ಈ ದಾಸ್ತಾನು ಕರಗುತ್ತದೆ, ರಕ್ತ ನಿಲ್ಲುವುದು ಸ್ವಲ್ಪ ತಡವಾಗುತ್ತದೆ. ಕೆಲವರಿಗೆ ಮೈಮೇಲೆ ಸುಲಭವಾಗಿ ನೀಲಿ ಮಚ್ಚೆ ಏಳುವುದು, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವುದು ಇದರಿಂದಲೇ.

ಇಷ್ಟು ಓದಿದರೆ ಭಯ ಇನ್ನೂ ಹೆಚ್ಚಾಗುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ ಎಷ್ಟು ಎಂಬುದು. ಕೆನಡಾದ ಇಬ್ಬರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದರು. ಎಸ್ಎಸ್ಆರ್‌ಐ ತೆಗೆದುಕೊಳ್ಳುವವರಲ್ಲಿ ಮಿದುಳಿನೊಳಗಿನ ರಕ್ತಸ್ರಾವ ಸುಮಾರು 1.4 ಪಟ್ಟು. ಪತ್ರಿಕೆಗಳಲ್ಲಿ "ಶೇಕಡ 40ರಷ್ಟು ಹೆಚ್ಚು" ಅಂತ ಬರುವುದು ಇಂಥದೇ. ಅದೇ ಲೇಖನದ ಇನ್ನೊಂದು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ: 10,000 ಜನ ಒಂದು ವರ್ಷ ಈ ಮಾತ್ರೆ ತೆಗೆದುಕೊಂಡರೆ ಹೆಚ್ಚುವರಿಯಾಗಿ ರಕ್ತಸ್ರಾವ ಆಗುವುದು ಸುಮಾರು ಒಬ್ಬರಿಗೆ. ಮೊದಲ ಅಂಕಿ ಕೇಳಿದವರು ಮಾತ್ರೆ ಬಿಸಾಡುತ್ತಾರೆ, ಎರಡನೆಯದನ್ನು ಕೇಳಿದವರು ಯೋಚಿಸುತ್ತಾರೆ. ರೋಗಿಗೆ ಎರಡನ್ನೂ ಹೇಳದ ವೈದ್ಯರು ಅರ್ಧ ಮಾತ್ರ ಹೇಳಿದ್ದಾರೆ ಅಂತಲೇ ನನ್ನ ಅಭಿಪ್ರಾಯ.

ಬ್ರಿಟನ್ನಿನಲ್ಲಿ ಹೊಸದಾಗಿ ಖಿನ್ನತೆಯ ಮಾತ್ರೆ ಶುರು ಮಾಡಿದ 13 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಇನ್ನೊಂದು ಅಧ್ಯಯನ 2017ರಲ್ಲಿ ಬಂತು. ಹಳೆಯ ಗುಂಪಿನ ಮಾತ್ರೆಗಳಿಗೆ ಹೋಲಿಸಿದರೆ ಎಸ್ಎಸ್ಆರ್‌ಐಗಳಲ್ಲಿ ತಲೆಯೊಳಗಿನ ರಕ್ತಸ್ರಾವ ಶೇಕಡ 17ರಷ್ಟು ಹೆಚ್ಚು. ಮೊದಲ 30 ದಿನಗಳಲ್ಲಿ ಅದು ಇನ್ನೂ ಜಾಸ್ತಿ. ರಕ್ತ ತೆಳುವಾಗಿಸುವ ಔಷಧಿ ಜೊತೆಗಿದ್ದರೆ ಮತ್ತೂ ಜಾಸ್ತಿ. ಸೆರೊಟೋನಿನ್ ದಾರಿಯನ್ನು ಬಿಗಿಯಾಗಿ ಮುಚ್ಚುವ ಪ್ಯಾರಾಕ್ಸೆಟೀನ್, ಫ್ಲುಆಕ್ಸೆಟೀನ್, ಸರ್ಟ್ರಲೀನ್‌ನಂಥವುಗಳಲ್ಲಿ ಅಪಾಯ ಸ್ವಲ್ಪ ಮೇಲೆ.

ಈ ಎಲ್ಲ ಅಂಕಿಗಳೂ ಸಾಮಾನ್ಯ ಜನರವು. ಅವರಲ್ಲಿ ರಕ್ತಸ್ರಾವವಾದದ್ದು ಹೆಚ್ಚಾಗಿ ವಯಸ್ಸು, ಬಿಪಿಯಿಂದ ಹಾಳಾದ ನಾಳಗಳಿಂದ. ಕ್ಯಾವರ್ನೋಮಾ ಸೋರುವ ಬಗೆ ಬೇರೆ, ಹಾಗಾಗಿ 1.4 ಎಂಬ ಗುಣಕವನ್ನು ಎತ್ತಿ ತಂದು ಇಲ್ಲಿ ಗುಣಿಸುವುದು ಸರಿಯಲ್ಲ. ಇನ್ನೊಂದು ದಿಕ್ಕಿನ ಪುರಾವೆಯೂ ಇದೆ. ಹೃದಯಕ್ಕೋ ಪಾರ್ಶ್ವವಾಯುವಿಗೋ ಆಸ್ಪಿರಿನ್‌ನಂಥ ಔಷಧಿ ತೆಗೆದುಕೊಳ್ಳುವ ಕ್ಯಾವರ್ನೋಮಾ ರೋಗಿಗಳನ್ನು ಸ್ಕಾಟ್ಲೆಂಡಿನಲ್ಲಿ ವರ್ಷಗಟ್ಟಲೆ ಗಮನಿಸಿ, ಬೇರೆ ಅಧ್ಯಯನಗಳ ಜೊತೆ ಸೇರಿಸಿ 2019ರಲ್ಲಿ ಪ್ರಕಟಿಸಿದರು. ಅಂಥವರಲ್ಲಿ ರಕ್ತಸ್ರಾವ ಹೆಚ್ಚಾಗಿರಲಿಲ್ಲ, ಕಡಿಮೆಯೇ ಇತ್ತು. ಅದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಅದನ್ನು ಓದಿ ಯಾರೂ ಆಸ್ಪಿರಿನ್ ನುಂಗಬೇಕಾಗಿಲ್ಲ. ಆದರೆ ಪ್ಲೇಟ್‌ಲೆಟ್ ಸ್ವಲ್ಪ ಸೋಮಾರಿಯಾದ ಕೂಡಲೇ ಗಂಟು ಒಡೆದುಹೋಗುತ್ತದೆ ಎಂಬ ನಮ್ಮ ಮನೆಯ ಲೆಕ್ಕ ಅಷ್ಟು ಸರಳವಾಗಿ ನಿಲ್ಲುವುದಿಲ್ಲ ಎಂದಂತೂ ಅದರಿಂದ ತಿಳಿಯಿತು.

ಮತ್ತೆ ಮನೋವೈದ್ಯರ ಬಳಿ ಹೋದೆವು. ತಂಗಿ ನೇರವಾಗಿ ಕೇಳಿದಳು, "ಮೇಡಂ, ಇದನ್ನು ತಗೊಂಡ್ರೆ ನನ್ನ ತಲೇಲಿರೋದು ಒಡೆಯುತ್ತಾ?"

ಅವರು ಹೌದು, ಇಲ್ಲ ಎರಡೂ ಹೇಳಲಿಲ್ಲ. "ಹೊಟ್ಟೆನೋವು, ತಲೆನೋವು ಬಂದ್ರೆ ಏನು ಮಾತ್ರೆ ತಗೋತೀರಮ್ಮಾ?" ಅಂತ ಕೇಳಿದರು.

"ತಿಂಗಳ ನೋವಿಗೆ ಮೆಫ್ಟಾಲ್ ಸ್ಪಾಸ್. ತಲೆನೋವಿಗೆ ಕಾಂಬಿಫ್ಲಾಮ್."

"ನಂಗೆ ನಿಮ್ಮ ಎಸಿಟಲೋಪ್ರಾಮ್‌ಗಿಂತ ಅದರ ಚಿಂತೆ ಜಾಸ್ತಿ" ಅಂದರು.

ನಮಗೆ ಇದು ಹೊಳೆದೇ ಇರಲಿಲ್ಲ. ಮೆಫ್ಟಾಲ್ ಸ್ಪಾಸ್‌ನಲ್ಲಿರುವ ಮೆಫೆನಮಿಕ್ ಆ್ಯಸಿಡ್, ಕಾಂಬಿಫ್ಲಾಮ್‌ನಲ್ಲಿರುವ ಐಬುಪ್ರೊಫೆನ್, ಬೆನ್ನುನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಲ್ಲವೂ ಒಂದೇ ಗುಂಪಿನ ನೋವಿನ ಮಾತ್ರೆಗಳು. ಇವು ಇನ್ನೊಂದು ದಾರಿಯಿಂದ ಪ್ಲೇಟ್‌ಲೆಟ್‌ಗಳ ಕೈ ಕಟ್ಟುತ್ತವೆ. ಕೊರಿಯಾದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಇದನ್ನೇ ತೋರಿಸಿತು. ಖಿನ್ನತೆಯ ಮಾತ್ರೆಯೊಂದನ್ನೇ ತೆಗೆದುಕೊಂಡವರಿಗಿಂತ, ಅದರ ಜೊತೆ ಇಂಥ ನೋವಿನ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಮೊದಲ 30 ದಿನದೊಳಗೆ ತಲೆಯೊಳಗಿನ ರಕ್ತಸ್ರಾವ 1.6 ಪಟ್ಟು. ನಮ್ಮಲ್ಲಿ ನೋವಿನ ಮಾತ್ರೆಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಪರ್ಸಿನಲ್ಲಿ ಚಿಲ್ಲರೆ ಜೊತೆ ಇರುತ್ತದೆ, ಸ್ಟಾಫ್ ರೂಮಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. "ಬೇರೆ ಏನಾದ್ರೂ ಔಷಧಿ ತಗೋತೀರಾ" ಅಂತ ಡಾಕ್ಟರು ಕೇಳಿದರೆ "ಇಲ್ಲ" ಅನ್ನುತ್ತೇವೆ. ಆ ಮನೋವೈದ್ಯೆ ಹಾಗೆ ಕೇಳದೆ ನೋವಿಗೆ ಏನು ತಗೋತೀರಿ ಅಂತ ಕೇಳಿದ್ದಕ್ಕೆ ನಾನು ಅವರಿಗೆ ಋಣಿ. ತಂಗಿಗೆ ಈಗ ತಲೆನೋವಿಗೆ ಬರೀ ಪ್ಯಾರಾಸಿಟಮಾಲ್. ತಿಂಗಳ ನೋವಿಗೂ ಮೊದಲು ಅದು ಮತ್ತು ಬಿಸಿನೀರಿನ ಚೀಲ, ಸಾಲದೆ ಬಂದರೆ ಸ್ತ್ರೀರೋಗ ತಜ್ಞರ ಬಳಿ ಹೋಗುವುದು.

ಯಾವ ಮಾತ್ರೆ ಎಂಬುದರ ಬಗ್ಗೆಯೂ ಅವತ್ತು ತುಂಬ ಹೊತ್ತು ಮಾತಾಯಿತು. ಮಿರ್ಟಜಪೀನ್ ಸೆರೊಟೋನಿನ್ ವಾಪಸ್ ಹೋಗುವ ದಾರಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಪ್ಲೇಟ್‌ಲೆಟ್ ದೃಷ್ಟಿಯಿಂದ ಹಗುರ. ನಿದ್ದೆಯನ್ನೂ ತರುತ್ತದೆ, ಜೊತೆಗೆ ಹಸಿವನ್ನೂ ತೂಕವನ್ನೂ. ಒಮ್ಮೆ ರಕ್ತಸ್ರಾವವಾದವರಲ್ಲಿ, ಮಿದುಳುಕಾಂಡದಲ್ಲಿ ಗಂಟು ಇರುವವರಲ್ಲಿ ಇಂಥದನ್ನು ಮೊದಲು ಯೋಚಿಸುವುದು ಅರ್ಥವಾಗುವ ಮಾತು. ಬ್ಯುಪ್ರೊಪಿಯಾನ್ ಕೂಡ ಪ್ಲೇಟ್‌ಲೆಟ್ ತಂಟೆಗೆ ಹೋಗುವುದಿಲ್ಲ, ಆದರೆ ಅದು ಫಿಟ್ಸ್ ಸುಲಭವಾಗಿ ಬರುವಂತೆ ಮಾಡುತ್ತದೆ. ಫಿಟ್ಸ್ ಇರುವ ತಂಗಿಯಂಥವರಿಗೆ ಅದು ಕೊಡಲೇಬಾರದ ಔಷಧಿ. ವೆನ್ಲಾಫ್ಯಾಕ್ಸೀನ್ ಬಿಪಿ ಏರಿಸಬಹುದು, ಎವಿಎಂನಂಥ ರಭಸದ ನಾಳ ಇರುವವರಲ್ಲಿ ಇದು ಗಮನಿಸಬೇಕಾದ ಸಂಗತಿ. ಎಲ್ಲ ತೂಗಿ ನೋಡಿ ತಂಗಿಗೆ ಎಸಿಟಲೋಪ್ರಾಮ್ ಅನ್ನೇ ಉಳಿಸಿದರು. ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಖಿನ್ನತೆ ಹಗುರವಾಗಿದ್ದರೆ ಬರೀ ಮಾತಿನ ಚಿಕಿತ್ಸೆಯಿಂದಲೇ ಶುರು ಮಾಡುತ್ತಿದ್ದೆ, ನಿಮ್ಮದು ಆ ಹಂತ ದಾಟಿದೆ ಅಂದರು.

ಸೋಡಿಯಂ ವಿಷಯ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇದು ಗೊತ್ತಿಲ್ಲದೆ ಆಸ್ಪತ್ರೆ ಸೇರಿದವರಿದ್ದಾರೆ. ಎಸ್ಎಸ್ಆರ್‌ಐಗಳು ರಕ್ತದಲ್ಲಿ ಸೋಡಿಯಂ ಇಳಿಸಬಹುದು, ವಯಸ್ಸಾದವರಲ್ಲಿ ಹೆಚ್ಚು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಆಕ್ಸ್‌ಕಾರ್ಬಜೆಪೀನ್ ಕೂಡ ಅದನ್ನೇ ಮಾಡುತ್ತವೆ. ಎರಡೂ ಸೇರಿದಾಗ ಸೋಡಿಯಂ ಕುಸಿದು ತಲೆನೋವು, ವಾಂತಿ, ಗಲಿಬಿಲಿ, ಕೊನೆಗೆ ಫಿಟ್ಸ್ ಬರಬಹುದು. ತಲೆಯಲ್ಲಿ ಗಂಟಿರುವವರಿಗೆ ಇದೆಲ್ಲ ಬಂದರೆ ಮನೆಯವರು "ಒಡೆಯಿತು" ಅಂತಲೇ ಅಂದುಕೊಳ್ಳುತ್ತಾರೆ. ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿದರೆ ಇದು ತಿಳಿಯುತ್ತದೆ.

ಇಂಥದೇ ಇನ್ನೊಂದು ಗಲಿಬಿಲಿಯನ್ನು ನಾವೇ ಅನುಭವಿಸಿದೆವು. ತೀರ್ಥಹಳ್ಳಿ ಕಡೆ ಮದುವೆಗೆ ಹೋಗಿದ್ದಾಗ ಮಾತ್ರೆ ಮುಗಿದಿತ್ತು, ಮಳೆಗೆ ರಸ್ತೆ ಕೆಟ್ಟು ವಾಪಸಾಗುವುದು ತಡವಾಯಿತು. ತಂಗಿಗೆ ತಲೆ ತಿರುಗಲು ಶುರು. ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಚಿಟಿಕ್ ಅನ್ನುತ್ತದೆ ಅಂದಳು, ಕೈಬೆರಳು ಜುಮ್ಮೆನ್ನುತ್ತಿತ್ತು. ರಾತ್ರೋರಾತ್ರಿ ಕಾರು ಮಾಡಿಕೊಂಡು ಎಮರ್ಜೆನ್ಸಿಗೆ ಓಡಿದೆವು. ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ. ಮಾತ್ರೆ ತಟ್ಟನೆ ನಿಂತಾಗ ಬರುವ ಲಕ್ಷಣಗಳವು. ಸ್ಕ್ಯಾನ್ ಮಾಡಿಸಿದ್ದು ಸರಿಯೇ, ಅಂಥ ಹೊತ್ತಿನಲ್ಲಿ ಮನೆಯಲ್ಲಿ ಕೂತು ಊಹೆ ಮಾಡಬಾರದು. ಹಿಂದೆಂದೂ ಬಾರದ ಸಿಡಿಲು ಬಡಿದಂಥ ತಲೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಆಸ್ಪತ್ರೆಯೇ ಗತಿ. ಆದರೆ ಮಾತ್ರೆಯನ್ನು ತಾನಾಗಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಚೀಟಿ ಬರೆಯುವಾಗಲೇ ಹೇಳಿದ್ದರೆ ಆ ರಾತ್ರಿಯ ಹೆದರಿಕೆ ಅರ್ಧವಾದರೂ ಕಡಿಮೆಯಾಗುತ್ತಿತ್ತು.

ಇಷ್ಟೆಲ್ಲ ಓಡಾಟದಲ್ಲಿ ನನಗೆ ಅತಿ ಕಷ್ಟವೆನಿಸಿದ್ದು ಕಾಯಿಲೆಯಲ್ಲ, ಎರಡು ಫೈಲು. ನ್ಯೂರೋ ಫೈಲಿನಲ್ಲಿ ಖಿನ್ನತೆಯ ಸೊಲ್ಲಿಲ್ಲ, ಮನೋವೈದ್ಯರ ಫೈಲಿನಲ್ಲಿ ಎಂಆರ್‌ಐ ಇಲ್ಲ. ಒಬ್ಬರು "ಅವರನ್ನು ಕೇಳಿ" ಅಂದರೆ ಇನ್ನೊಬ್ಬರು "ಅವರು ಒಪ್ಪಿದರೆ ನಂದೇನೂ ಇಲ್ಲ" ಅನ್ನುತ್ತಾರೆ. ಮೈ ಮನಸ್ಸು ಎರಡೂ ಸೋತ ಹೆಂಗಸು ನಡುವೆ ಅಂಚೆಯವಳ ಕೆಲಸ ಮಾಡಬೇಕು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ಆದಾಗ ಮನಸ್ಸಿನ ಕಾಯಿಲೆ, ನರದ ಕಾಯಿಲೆ ಎರಡನ್ನೂ ಒಂದೇ ಆವರಣದಲ್ಲಿ ಇಟ್ಟರು. ಅದು ಎಷ್ಟು ದೂರದೃಷ್ಟಿಯ ಕೆಲಸ ಎಂದು ನನಗೆ ಅರಿವಾದದ್ದು ಜಿಲ್ಲೆಯಲ್ಲಿ ಎರಡು ಆಸ್ಪತ್ರೆಗಳ ನಡುವೆ ಆಟೊದಲ್ಲಿ ಓಡಾಡಿದಾಗ. ಕೊನೆಗೆ ಮನೋವೈದ್ಯೆಯೇ ಫೋನ್ ಎತ್ತಿ ನ್ಯೂರೋ ಡಾಕ್ಟರ ಜೊತೆ ಮಾತಾಡಿದರು. ಐದು ನಿಮಿಷವೂ ಹಿಡಿಯಲಿಲ್ಲ. ಎರಡೂ ಚೀಟಿಯಲ್ಲಿ ಎಲ್ಲ ಮಾತ್ರೆಗಳ ಹೆಸರು ಬಂತು. ಆ ಫೋನು ಮೊದಲ ವಾರವೇ ಆಗಬೇಕಿತ್ತು.

ಮಾತ್ರೆ ಬೇಡ ಅನ್ನುವವರು ಒಂದು ಲೆಕ್ಕ ಬಿಡುತ್ತಾರೆ. ಖಿನ್ನತೆಯನ್ನು ಹಾಗೇ ಬಿಟ್ಟರೆ ಅದಕ್ಕೂ ಅಪಾಯವಿದೆ. ನಿದ್ದೆ ಕೆಟ್ಟರೆ ಫಿಟ್ಸ್ ಹೆಚ್ಚುತ್ತದೆ. ಮನಸ್ಸು ಸತ್ತವರು ಫಿಟ್ಸ್ ಮಾತ್ರೆ ನುಂಗುವುದನ್ನೂ ಮರೆಯುತ್ತಾರೆ, ತಂಗಿ ಮರೆತಿದ್ದಳು. ಬದುಕೇ ಬೇಡ ಅನ್ನಿಸುವ ಹಂತ ಎಲ್ಲರಿಗೂ ಗೊತ್ತಿದೆ, ಬಾಯಿಬಿಟ್ಟು ಆಡುವುದಿಲ್ಲ ಅಷ್ಟೇ. ಅಂಥ ಯೋಚನೆ ಬಂದರೆ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 10,000ಕ್ಕೆ ಒಂದು ಎಂಬುದನ್ನು ಒಂದು ಕಡೆ ಇಡುವುದಾದರೆ ಇದನ್ನೆಲ್ಲ ಇನ್ನೊಂದು ಕಡೆ ಇಡಲೇಬೇಕು. ಹಾಗಂತ ಮಾತ್ರೆಯನ್ನು ಎಲ್ಲರಿಗೂ ಹಂಚಬೇಕು ಅಂತಲೂ ಅಲ್ಲ. ಪಾರ್ಶ್ವವಾಯು ಆದವರಿಗೆಲ್ಲ ಚೇತರಿಕೆಗೆಂದು ಆರು ತಿಂಗಳು ಫ್ಲುಆಕ್ಸೆಟೀನ್ ಕೊಟ್ಟು ನೋಡಿದ ಬ್ರಿಟನ್ನಿನ ದೊಡ್ಡ ಪ್ರಯೋಗದ ಫಲಿತಾಂಶ 2018ರ ಕೊನೆಯಲ್ಲಿ ಹೊರಬಂತು. 3,127 ಜನ ಇದ್ದರು, ಮಿದುಳಿನ ರಕ್ತಸ್ರಾವದಿಂದ ಪಾರ್ಶ್ವವಾಯು ಬಂದವರೂ ಅವರಲ್ಲಿದ್ದರು. ಕೈಕಾಲಿನ ಚೇತರಿಕೆಗೆ ಅದರಿಂದ ಲಾಭವಾಗಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು, ಹೊಸದಾಗಿ ಖಿನ್ನತೆ ಬರುವುದು ಮಾತ್ರ ಕಡಿಮೆಯಾಯಿತು. ಅಂದರೆ ಖಿನ್ನತೆಯ ಮಾತ್ರೆ ಖಿನ್ನತೆಗೆ ಕೆಲಸ ಮಾಡುತ್ತದೆ, ಅದು ಬೇಕಾದವರಿಗೆ ಕೊಡಬೇಕು.

ತಂಗಿ ಈಗ 10 ಮಿಲಿಗ್ರಾಂನಲ್ಲಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಊಟ ಮಾಡುತ್ತಾಳೆ, ಮಗನ ಜೊತೆ ಜಗಳವನ್ನೂ ಮೊದಲಿನ ಹಾಗೆ ನಗುನಗುತ್ತಾ ಆಡುತ್ತಾಳೆ. ಗಂಟು ಇದ್ದಲ್ಲೇ ಇದೆ, ಹೋದ ಎಂಆರ್‌ಐನಲ್ಲಿ ಬದಲಾವಣೆ ಇರಲಿಲ್ಲ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ಹಂತ ಹಂತವಾಗಿ ಇಳಿಸೋಣ ಅಂದಿದ್ದಾರೆ ಮನೋವೈದ್ಯೆ. ಇಳಿಸುವ ದಿನಗಳ ಪಟ್ಟಿಯನ್ನು ನ್ಯೂರೋ ಫೈಲಿಗೂ ಹಾಕಿಸಬೇಕು ಅಂತ ತಂಗಿ ಈಗಲೇ ಹೇಳಿ ಇಟ್ಟಿದ್ದಾಳೆ.